ದೂರು: ನೀವು ಹೇಳಿದ ನೀಲಿ ಮದ್ದಿನಿಂದ ಸತ್ತ ನಮ್ಮ ಆಕ್ಟೋಪಸ್ ಬಗ್ಗೆ

ಅಂಗಡಿಯ ಓನರಿಗೆ ಮತ್ತು ಕಸ್ಟಮರ್ ಕೇರಿನವರಿಗೆ,

ಸರ್, ಫೋನಲ್ಲಿ ಮೂರು ಸಲ ಹೇಳಿ ಆಯ್ತು, ಮೂರು ಸಲವೂ ಲೈವ್ ಐಟಂಗೆ ಗ್ಯಾರಂಟಿ ಇಲ್ಲ ಅಂತ ಹೇಳಿ ಕಟ್ ಮಾಡಿದ್ರಿ. ನಾನು ಗ್ಯಾರಂಟಿ ಕೇಳ್ಲಿಕ್ಕೆ ಫೋನ್ ಮಾಡಿದ್ದಲ್ಲ. ಪಾರ್ಸೆಲಲ್ಲೇ ಸತ್ತು ಬಂದಿದ್ರೆ ಅದು ಗ್ಯಾರಂಟಿ ಮಾತು, ಇದು ನಮ್ಮ ಮನೆಯಲ್ಲಿ ಹತ್ತಿರ ಹತ್ತಿರ ಒಂದು ತಿಂಗಳು ಚಂದ ಇದ್ದು ನಿಮ್ಮ ಸ್ಟಾಫ್ ಹೇಳಿದ ಮದ್ದು ಹಾಕಿದ ರಾತ್ರಿಯೇ ಸತ್ತದ್ದು. ಹಾಗಾಗಿ ಬರೆದು ಕಳಿಸ್ತಾ ಇದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಕುಂಬಳೆ ಹತ್ತಿರ, ಅಡಿಕೆ ತೋಟ. ಕಡಲು ಮನೆಯಿಂದ ಮೂರು ಕಿಲೋಮೀಟರ್ ಅಷ್ಟೆ. ಮೀನಿನವರ ಹತ್ರ ಹೇಳಿಟ್ರೆ ಬಲೆಗೆ ಬಿದ್ದ ನೀರಾಳಿ (ಇಲ್ಲಿ ಆಕ್ಟೋಪಸ್‌ಗೆ ಹಾಗೇ ಹೇಳುದು, ಮಲಯಾಳದ ಮಾತು) ಸಿಗ್ತಿತ್ತು, ಆದ್ರೆ ಬಲೆಯಲ್ಲಿ ಎಳ್ಕೊಂಡು ಬಂದದ್ದಕ್ಕೆ ಗಾಯ ಇರ್ತದೆ, ಬದುಕುದು ಕಷ್ಟ, ಪಾಪ ಯಾಕೆ ಅಂತ ಹೇಳಿ ಗೊತ್ತಿದ್ದವರಿಂದಲೇ ತರಿಸುವ ಅಂತ ನಿಮ್ಮಲ್ಲಿ ಆರ್ಡರ್ ಮಾಡಿದ್ದು. ಅದಕ್ಕಿಂತ ಮೊದಲು ಮೂರೂವರೆ ತಿಂಗಳು ಟ್ಯಾಂಕ್ ಸುಮ್ಮನೆ ಓಡಿಸಿದ್ದೇನೆ. ನಾಲ್ಕು ಅಡಿ ಟ್ಯಾಂಕ್, ಸುಮಾರು 250 ಲೀಟರ್. ಮಳೆಗಾಲದಲ್ಲಿ ಹೊಳೆ ಸೇರುವಲ್ಲಿ ಕಡಲ ನೀರು ಕೆಂಪಾಗ್ತದೆ, ಉಪ್ಪೂ ಕಡಿಮೆ ಆಗ್ತದೆ, ಹಾಗಾಗಿ ಆರ್‌ಓ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು ಬೆರೆಸಿದ್ದು. ನೀರಿನ ಕೊಳೆಯನ್ನು ನೊರೆ ಮಾಡಿ ತೆಗೆಯುವ ಸ್ಕಿಮ್ಮರ್ ಉಂಟು, ಕರೆಂಟ್ ಹೋದ್ರೆ ಇನ್ವರ್ಟರ್ ಉಂಟು. ನೀರು ಟೆಸ್ಟ್ ಮಾಡಿ, ವಿಷ ಆಗುವ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಬಂದ ಮೇಲೆಯೇ ನಿಮಗೆ 6,500 ರೂಪಾಯಿ ಹಾಕಿದ್ದು. ಮುಚ್ಚಳಕ್ಕೆ ನಾಲ್ಕು ಕ್ಲಾಂಪ್, ಯಾಕಂದ್ರೆ ಅದಕ್ಕೆ ಎಲುಬೇ ಇಲ್ಲ, ಕೊಕ್ಕು ಹೋಗುವಷ್ಟು ಸಂದಿ ಸಿಕ್ಕಿದ್ರೆ ಇಡೀ ಮೈ ಹೋಗ್ತದೆ, 2016ರಲ್ಲಿ ನ್ಯೂಜಿಲೆಂಡಿನ ನೇಪಿಯರ್ ಅಕ್ವೇರಿಯಂನಿಂದ ಇಂಕಿ ಅನ್ನುವ ಆಕ್ಟೋಪಸ್ ಟ್ಯಾಂಕಿಂದ ಇಳಿದು ನೆಲದಲ್ಲಿ ತೆವಳಿ ಡ್ರೈನ್ ಪೈಪಲ್ಲಿ ಕಡಲಿಗೆ ಹೋದದ್ದು ನಾನು ಓದಿದ್ದೆ. ಇಷ್ಟೆಲ್ಲ ಯಾಕೆ ಬರೆಯುದಂದ್ರೆ ನಿಮ್ಮವರು ಬಾಯಿ ತೆರೆದ ಕೂಡ್ಲೆ ಹೇಳಿದ್ದು "ನಿಮ್ಮ ಸೆಟಪ್ ಸರಿ ಇರ್ಲಿಕ್ಕಿಲ್ಲ" ಅಂತ.

ಮೊದಲ ತಪ್ಪು ನಿಮ್ಮ ಮೆಸೇಜಲ್ಲೇ ಉಂಟು, "ಸಣ್ಣ ಮರಿ, ಮೂರ್ನಾಲ್ಕು ವರ್ಷ ಆರಾಮ ಇರ್ತದೆ". ವೇಯ್ನ್ಡ್ ಆಕ್ಟೋಪಸ್ ಅಂತ ನೀವೇ ಬಿಲ್ಲಲ್ಲಿ ಬರೆದದ್ದು, ಇಂಥ ಸಣ್ಣ ಜಾತಿಯ ಆಯುಸ್ಸು ಮೂರ್ನಾಲ್ಕು ವರ್ಷ ಎಲ್ಲಿಂದ ಬಂತು? ಒಂದು ವರ್ಷ, ಹೆಚ್ಚಂದ್ರೆ ಎರಡು. ಮತ್ತೆ ಬಂದದ್ದು ಮರಿ ಅಲ್ಲವೇ ಅಲ್ಲ, ಪೂರ್ತಿ ಬೆಳೆದ ಹೆಣ್ಣು. ಅದು ನಮಗೆ ಆಮೇಲೆ ಗೊತ್ತಾದದ್ದು.

ಸೆಪ್ಟೆಂಬರ್ 12ಕ್ಕೆ ಬೆಳಿಗ್ಗೆ ಬಸ್ಸಿಂದ ಇಳಿಸಿ ತಂದು, ಟ್ಯಾಂಕಿನ ನೀರನ್ನು ಹನಿ ಹನಿ ಬಿಟ್ಟು ಎರಡು ಗಂಟೆ ಕೂತು ಒಳಗೆ ಇಳಿಸಿದೆವು. ಮಗಳು ಕುಂಞಿ ಅಂತ ಹೆಸರಿಟ್ಟಳು. ಈ ಜಾತಿ ತೆಂಗಿನ ಗೆರಟೆ ಹೊತ್ಕೊಂಡು ಹೋಗಿ ಅದರೊಳಗೆ ಅಡಗಿ ಕೂತ್ಕೊಳ್ತದೆ ಅಂತ ಇಂಡೋನೇಷ್ಯದಲ್ಲಿ ನೋಡಿ ವಿಜ್ಞಾನಿಗಳು 2009ರಲ್ಲಿ ಬರೆದಿದ್ದಾರೆ, ಹಾಗಾಗಿ ನಾನು ಎರಡು ಹೋಳು ಗೆರಟೆ ತಿಕ್ಕಿ ತೊಳೆದು ಒಳಗೆ ಇಟ್ಟಿದ್ದೆ. ಮೂರನೇ ದಿನ ಬೆಳಿಗ್ಗೆ ನೋಡಿದ್ರೆ ಒಂದರಲ್ಲಿ ಕೂತು ಇನ್ನೊಂದನ್ನು ಬಾಗಿಲಿನ ಹಾಗೆ ಎಳ್ಕೊಂಡಿತ್ತು, ಸಂದಿಯಲ್ಲಿ ಒಂದು ಕಣ್ಣು ಮಾತ್ರ. ಶಿರಿಯ ಹೊಳೆಯಿಂದ ಸಣ್ಣ ಸಣ್ಣ ಏಡಿ ತಂದು ಜೀವಂತ ಬಿಡ್ತಿದ್ದೆ. ಎರಡನೇ ವಾರಕ್ಕೆ ಮಗಳು ಶಾಲೆಯಿಂದ ಬಂದು ಬ್ಯಾಗ್ ಇಟ್ಟ ಶಬ್ದಕ್ಕೆ ಗೆರಟೆ ಬಿಟ್ಟು ಗಾಜಿನ ಹತ್ರ ಬರ್ಲಿಕ್ಕೆ ಶುರು ಮಾಡಿತು, ಅವಳು ನೀರಿಗೆ ಬೆರಳು ಇಟ್ರೆ ಒಂದು ಕೈಯ ತುದಿಯಿಂದ ಸುತ್ತಿ ಹಿಡ್ಕೊಳ್ತಿತ್ತು, ಬಿಡಿಸಿದ್ರೆ ಪುನಃ ಹಿಡಿಯುದು. ಅದರ ಕೈಯಲ್ಲಿರುವ, ಅಂಟಿ ಹಿಡಿಯುವ ಒಂದೊಂದು ಬಟ್ಟಲಿಗೂ ರುಚಿ ಗೊತ್ತಾಗ್ತದಂತೆ ಅಂತ ನಾನು ಹೇಳಿದ್ದಕ್ಕೆ ಅವಳು ಸೋಪ್ ಹಾಕಿ ಕೈ ತೊಳೆಯುದನ್ನೇ ಬಿಟ್ಟಳು, ಬರೀ ನೀರಲ್ಲಿ ತೊಳೆದು ಬರುದು.

ಅಕ್ಟೋಬರ್ 2ಕ್ಕೆ ಹೊರಗೆ ಬರ್ಲಿಲ್ಲ. ಟಾರ್ಚ್ ಹಾಕಿ ನೋಡಿದ್ರೆ ಗೆರಟೆ ಒಳಗೆ ನುಚ್ಚಕ್ಕಿ ಪೋಣಿಸಿದ ಹಾಗೆ ಬಿಳಿ ಬಿಳಿ ಎಳೆಗಳು. ಮೊಟ್ಟೆ ಅಂತ ನನಗೆ ಆಗ ಗೊತ್ತಾಗ್ಲಿಲ್ಲ, ಅಂಗಡಿಯವರು ಮರಿ ಅಂತ ಹೇಳಿದ್ದನ್ನು ನಂಬಿದವನಿಗೆ ಹೇಗೆ ಗೊತ್ತಾಗ್ತದೆ. ಏಡಿ ಬಿಟ್ರೆ ಮುಟ್ಲಿಲ್ಲ, ದೂಡಿ ಹಾಕಿತು. ಒಂದು ವಾರ ಹೀಗೇ ಆದ ಮೇಲೆ 9ನೇ ತಾರೀಕು ಫೋಟೋ ಮತ್ತು ವಿಡಿಯೋ ಎರಡೂ ನಿಮಗೆ ಕಳಿಸಿ ಕೇಳಿದೆ, ಊಟ ಬಿಟ್ಟಿದೆ, ಒಳಗೆ ಬಿಳಿ ಬಿಳಿ ಎಂತದೋ ಉಂಟು, ಎಂತ ಮಾಡ್ಬೇಕು ಅಂತ. ನಾಲ್ಕು ನಿಮಿಷದಲ್ಲಿ ರಿಪ್ಲೈ ಬಂತು. "ವೈಟ್ ಸ್ಪಾಟ್ ಸರ್, ಪಾರ್ಸೆಲ್ ಜೊತೆ ಕಳಿಸಿದ ಮದ್ದು ಹಾಕಿ, ಫುಲ್ ಡೋಸ್". ವೈಟ್ ಸ್ಪಾಟ್ ಮೀನಿನ ರೋಗ ಸರ್. ಆಕ್ಟೋಪಸ್ ಮೀನೇ ಅಲ್ಲ.

ಬಾಟಲಿ ತೆರೆದಾಗ ನೀರು ನೀಲಿ ಇತ್ತು. ಆ ನೀಲಿ ನಮಗೆ ಅಡಿಕೆಯವರಿಗೆ ಗೊತ್ತಿಲ್ಲದ್ದಲ್ಲ. ಪ್ರತಿ ಮಳೆಗಾಲ ಕೊಳೆರೋಗಕ್ಕೆ ಬೋರ್ಡೋ ಬಿಡ್ಲಿಕ್ಕೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅಂತ ನಾನೇ ಕಲಸುದು, ಅದರ ಡ್ರಮ್ಮು ಕೆರೆಯಲ್ಲಿ ತೊಳೆದ್ರೆ ಅಪ್ಪ ಬೈತಿದ್ರು, ಮೀನು ಸಾಯ್ತದೆ ಅಂತ. ಹಾಗಾಗಿ ಪುನಃ ಕೇಳಿದೆ, ಇದರಲ್ಲಿ ಎಂತ ಉಂಟು, ಆಕ್ಟೋಪಸ್‌ಗೆ ತೊಂದರೆ ಇಲ್ವಾ ಅಂತ. "ಎಲ್ಲಾ ಮರೀನ್ ಪ್ರಾಣಿಗೂ ಸೇಫ್" ಅಂತ ಬಂತು. ಆ ಮೆಸೇಜ್ ಈಗಲೂ ಉಂಟು. ನಾನು ಹಾಕಿದೆ. ಹಾಕಿದ್ದು ನನ್ನದೇ ಕೈ, ಅದನ್ನು ಇಲ್ಲ ಅಂತ ಹೇಳುದಿಲ್ಲ, ದಿನಾ ನೆನಪಾಗ್ತದೆ.

ಅರ್ಧ ಗಂಟೆ ಆಗಿರ್ಲಿಲ್ಲ, ಮೈ ಬೆಳ್ಳಗಾಯ್ತು, ಉಸಿರು ಜೋರಾಯ್ತು. ಒಂದು ವಾರ ಊಟ ಬಿಟ್ಟು ಮೊಟ್ಟೆ ಮೇಲೆಯೇ ಕೂತು, ಕೈಯಿಂದ ಸವರಿ ನೀರು ಊದಿ ಕ್ಲೀನ್ ಮಾಡ್ತಿದ್ದ ಜೀವ ಮೊಟ್ಟೆ ಬಿಟ್ಟು ಹೊರಗೆ ಬಂತು. ಗಾಜು ಹತ್ತಿ ಮೇಲೆ ಮುಚ್ಚಳದವರೆಗೆ ಬಂದು ಸಂದಿ ಹುಡುಕಿತು. ನಾನು ಹಾಕಿದ ಕ್ಲಾಂಪ್. ಆಗ ನನಗೆ ಕೈಕಾಲು ನಡುಗಿ, ಬಾಟಲಿ ಹಿಂದೆ ತಿರುಗಿಸಿ ಮೊಬೈಲಲ್ಲಿ ಝೂಮ್ ಮಾಡಿ ಓದಿದ್ರೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಕಾಪರ್ ಸಲ್ಫೇಟ್. ಅದೇ ಮೈಲುತುತ್ತು. ಇದ್ದ 100 ಲೀಟರ್ ಉಪ್ಪುನೀರು ಬದಲಿಸಿದೆ, ಮದ್ದು ಹೀರ್ಲಿಕ್ಕೆ ಕಾರ್ಬನ್ ಹಾಕಿದೆ, ರಾತ್ರಿ ಎರಡು ಗಂಟೆವರೆಗೆ ನಾನೂ ಹೆಂಡತಿಯೂ ಬಕೆಟ್ ಹೊತ್ತದ್ದು. ಬೆಳಗ್ಗೆ ಆಗುವಾಗ ಮುಗಿದಿತ್ತು.

ಅದಾದ ಮೇಲೆ ನೀವು ಹೇಳಿದ ಎರಡು ಮಾತಿಗೆ ಉತ್ತರ ಕೊಡ್ಲೇಬೇಕು. ಒಂದು, "ಅದರ ರಕ್ತದಲ್ಲೇ ತಾಮ್ರ ಉಂಟಲ್ಲ ಸರ್, ತಾಮ್ರದಿಂದ ಎಂತ ಆಗ್ತದೆ". ಹೌದು, ಉಂಟು, ನಮ್ಮ ರಕ್ತದಲ್ಲಿ ಕಬ್ಬಿಣ ಇದ್ದ ಹಾಗೆ ಅದರದ್ದರಲ್ಲಿ ತಾಮ್ರ, ಅದಕ್ಕೇ ರಕ್ತ ನೀಲಿ. ನಮಗೆ ಕಬ್ಬಿಣ ಬೇಕು ಅಂತ ಹೇಳಿ ಯಾರಾದ್ರೂ ಕಬ್ಬಿಣದ ಮಾತ್ರೆ ಮುಷ್ಟಿ ಮುಷ್ಟಿ ತಿನ್ನಿಸ್ತಾರಾ? ನೀರಲ್ಲಿ ಕರಗಿದ ತಾಮ್ರ ಆಕ್ಟೋಪಸ್, ಸಿಗಡಿ, ಬಸವನಹುಳದಂಥವುಗಳಿಗೆ ವಿಷ ಅಂತ ಮರೀನ್ ಟ್ಯಾಂಕ್ ಇಟ್ಟವರೆಲ್ಲ ಮೊದಲು ಕಲಿಯುವ ಪಾಠ. ನಾನು ಓದಿದ್ದೆ ಕೂಡ. ನಿಮ್ಮ "ಸೇಫ್" ನಂಬಿದ್ದು.

ಇನ್ನೊಂದು, "ಮೊಟ್ಟೆ ಇಟ್ಟ ಮೇಲೆ ಹೇಗೂ ಸಾಯ್ತದೆ". ಇದು ನನಗೆ ತುಂಬಾ ಬೇಸರ ಆದ ಮಾತು. ಸಾಯ್ತದೆ, ಗೊತ್ತುಂಟು. ಮೊಟ್ಟೆ ಇಟ್ಟ ತಾಯಿ ಊಟ ಬಿಡುದು ರೋಗ ಅಲ್ಲ, ಕಣ್ಣಿನ ಹಿಂದೆ ಇರುವ ಆಪ್ಟಿಕ್ ಗ್ರಂಥಿಯ ಕೆಲಸ ಅದು, 1977ರಲ್ಲೇ ಜೆರೋಮ್ ವೊಡಿನ್‌ಸ್ಕಿ ಅನ್ನುವವರು ಆ ಗ್ರಂಥಿ ತೆಗೆದಾಗ ತಾಯಿ ಪುನಃ ಊಟ ಮಾಡಿದ್ದನ್ನು ತೋರಿಸಿದ್ದಾರೆ. ಮರಿ ಹೊರಗೆ ಬರುವವರೆಗೆ ಕಾದು ಆಮೇಲೆ ಸಾಯುದು ಅದರ ಬದುಕು. ಮರಿಗಳು ಮನೆಯ ಟ್ಯಾಂಕಲ್ಲಿ ಉಳಿಯುದು ಕಷ್ಟ ಅಂತಲೂ ಗೊತ್ತು. ಆದ್ರೆ ಆ ಉಳಿದ ದಿನಗಳು ಅದರದ್ದು ಸರ್. ಮೊಟ್ಟೆ ಮೇಲೆ ಕೂತು ಹೋಗ್ಬೇಕಾದದ್ದು ಮೊಟ್ಟೆ ಬಿಟ್ಟು ಮುಚ್ಚಳದ ಹತ್ರ ಸಂದಿ ಹುಡುಕಿ ಸತ್ತಿತು. ಹೇಗೂ ಸಾಯ್ತಿತ್ತು ಅಂತ ಹೇಳಿ ಇದನ್ನು ಮುಚ್ಚಿ ಹಾಕ್ಲಿಕ್ಕೆ ನಾನು ಬಿಡುದಿಲ್ಲ.

ನನಗೆ ಬೇಕಾದದ್ದು ಹೇಳ್ತೇನೆ. ಆ ಮದ್ದಿನ ಬಾಟಲಿ ಮೇಲೆ, ಎದುರುಗಡೆ, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ "ತಾಮ್ರ ಉಂಟು, ಆಕ್ಟೋಪಸ್, ಸಿಗಡಿ, ಹವಳ ಇರುವ ಟ್ಯಾಂಕಿಗೆ ಹಾಕಬಾರದು" ಅಂತ ಬರೀಬೇಕು. ಆಕ್ಟೋಪಸ್ ಪಾರ್ಸೆಲ್ ಜೊತೆ ಆ ಬಾಟಲಿ ಕಳಿಸುದನ್ನು ಇವತ್ತೇ ನಿಲ್ಲಿಸ್ಬೇಕು, ನನ್ನ ಹಾಗೆ ಎಷ್ಟು ಮನೆಗೆ ಹೋಗಿದೆಯೋ ಅವರಿಗೆಲ್ಲ ಫೋನ್ ಮಾಡಿ ಹೇಳ್ಬೇಕು. ಬೆಳೆದ ಹೆಣ್ಣನ್ನು ಮರಿ ಅಂತ, ಒಂದು ವರ್ಷದ ಜೀವಕ್ಕೆ ನಾಲ್ಕು ವರ್ಷ ಅಂತ ಮಾರಬಾರದು. ಮತ್ತೆ ಹಣದ್ದು: ಆಕ್ಟೋಪಸಿನ 6,500 ಮತ್ತು ಟ್ಯಾಂಕಿನ ಕಲ್ಲು, ಮರಳಿನದ್ದು 18,000, ಯಾಕಂದ್ರೆ ತಾಮ್ರ ಅದರಲ್ಲಿ ಹಿಡ್ಕೊಂಡು ಆಮೇಲೆ ಸ್ವಲ್ಪ ಸ್ವಲ್ಪವೇ ನೀರಿಗೆ ಬಿಡ್ತದೆ, ಇನ್ನು ಆ ಕಲ್ಲಿನ ಜೊತೆ ಒಂದು ಸಿಗಡಿಯನ್ನೂ ಇಡ್ಲಿಕ್ಕೆ ಧೈರ್ಯ ಇಲ್ಲ.

15 ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ, ಫೋನ್ ಬೇಡ. ಬಾರದಿದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೇನೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ಇರುವ ಜಿಲ್ಲೆಯಲ್ಲೇ ದೂರು ಹಾಕ್ಬಹುದು, ನಾನು ನಿಮ್ಮ ಊರಿಗೆ ಬರ್ಬೇಕಂತ ಇಲ್ಲ, ನೀವು ಕಾಸರಗೋಡಿಗೆ ಬರ್ಬೇಕಾಗ್ತದೆ.

ಬಿಲ್ಲು, ಮೆಸೇಜಿನ ಸ್ಕ್ರೀನ್‌ಶಾಟ್, 2ನೇ ತಾರೀಕಿನ ಮೊಟ್ಟೆಯ ಫೋಟೋ, ಬಾಟಲಿಯ ಹಿಂದಿನ ಲೇಬಲ್ಲಿನ ಫೋಟೋ ಇದರ ಜೊತೆ ಇಟ್ಟಿದ್ದೇನೆ. ಉಳಿದ ಮದ್ದು ಚೆಲ್ಲಲಿಲ್ಲ, ಬಾಟಲಿ ಸಮೇತ ಕಟ್ಟಿ ಇಟ್ಟಿದ್ದೇನೆ.

ಇತಿ,
ನಿಮ್ಮ ಗ್ರಾಹಕ, ಕುಂಬಳೆ