ಮಗ್ಗಲು ತಿರುಗಿಸುವುದನ್ನು ರೆಕಾರ್ಡ್ ಪುಸ್ತಕ ಕಲಿಸುವುದಿಲ್ಲ

ಮಾನ್ಯ ಸಂಪಾದಕರೇ,

ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ಹೋದ ತಿಂಗಳು ಲಕ್ವ ಹೊಡೆದ ನಮ್ಮ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಒಂದು ಮಧ್ಯಾಹ್ನ ನಾನು ಹೋದಾಗ, ವಾರ್ಡಿನಲ್ಲಿ ಕೆಲಸ ಕಲಿಯಲು ಪೋಸ್ಟಿಂಗ್‌ಗೆ ಬಂದಿದ್ದ ಮೂರನೇ ವರ್ಷದ ನರ್ಸಿಂಗ್ ಹುಡುಗಿ ಕಿಟಕಿ ಪಕ್ಕ ಕೂತು ಅತ್ತೆಯ ಕೇರ್ ಪ್ಲಾನ್, ಅಂದರೆ ಆರೈಕೆ ಹೇಗೆ ಮಾಡಬೇಕೆಂಬ ಪಟ್ಟಿ, ಬರೆಯುತ್ತಿದ್ದಳು. 'ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು' ಅಂತ ಇಂಗ್ಲಿಷಿನಲ್ಲಿ, ಮುತ್ತಿನಂಥ ಅಕ್ಷರ, ಸ್ಕೇಲ್ ಇಟ್ಟು ಗೆರೆ ಬೇರೆ. ಆದರೆ ಬೆಳಿಗ್ಗೆಯಿಂದ ಅತ್ತೆಯನ್ನು ಯಾರೂ ತಿರುಗಿಸಿರಲಿಲ್ಲ. 'ಬಾರಮ್ಮ' ಅಂತ ಕರೆದು ಇಬ್ಬರೂ ಸೇರಿ ಮಗ್ಗಲಾಗಿಸಿದೆವು. ಸೊಂಟದ ಕೆಳಗೆ ರೂಪಾಯಿ ಅಗಲ ಕೆಂಪಗಾಗಿತ್ತು. ಬೆರಳಿಂದ ಒತ್ತಿ ಬಿಟ್ಟೆ, ಕೆಂಪು ಹಾಗೇ ಉಳಿಯಿತು. ಮಲಗಿದಲ್ಲೇ ಇರುವವರಿಗೆ ಆಗುವ ಹುಣ್ಣು, ಬೆಡ್ ಸೋರ್, ಶುರುವಾಗುವುದೇ ಹೀಗೆ. 'ಓದಿದ್ದೆ ಆಂಟಿ, ನೋಡಿರಲಿಲ್ಲ' ಅಂದಳು.

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಕೇಳಿದರೆ, ಅವರ ಕಾಲೇಜಿಗೆ ಸ್ವಂತ ಆಸ್ಪತ್ರೆ ಇಲ್ಲ, ಬಸ್ಸಿನಲ್ಲಿ ತಂದು ಇಳಿಸುತ್ತಾರೆ, ಒಬ್ಬ ರೋಗಿಯ ಸುತ್ತ ಎಂಟು ಹತ್ತು ಮಕ್ಕಳು, ಮೇಡಂ ನೋಡುವುದು ರೆಕಾರ್ಡ್ ಪುಸ್ತಕ ಮಾತ್ರ. ಬಿ.ಎಸ್ಸಿ. ನರ್ಸಿಂಗ್‌ಗೆ ನಾಲ್ಕು ವರ್ಷ ಇಟ್ಟಿರುವುದು ಇದಕ್ಕಾ? ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲೇ ನರ್ಸಿಂಗ್ ಶಾಲೆ ತೆರೆದದ್ದು ಸುಮ್ನೆ ಅಲ್ಲ. ಈ ಕೆಲಸ ಹಾಸಿಗೆ ಪಕ್ಕದಲ್ಲಿ ನಿಂತು, ಗೊತ್ತಿರುವವರ ಕೈ ನೋಡಿ ಕಲಿಯುವಂಥದ್ದು. ರೋಗಿಯ ಮೈ ಒರೆಸುವಾಗ ಪರದೆ ಎಳೆಯಬೇಕು, ಮುಟ್ಟುವ ಮೊದಲು ಒಂದು ಮಾತು ಕೇಳಬೇಕು. ಇಂಜೆಕ್ಷನ್ ಕೊಡುವುದಕ್ಕಿಂತ ಇದು ಜಾಸ್ತಿ ಕಷ್ಟ, ಪರೀಕ್ಷೆಯಲ್ಲಿ ಇದಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಇನ್ನೊಂದು ಮಾತು. ಕೇರಳ, ಬಂಗಾಳ, ಈಶಾನ್ಯ ರಾಜ್ಯಗಳಿಂದ ಎಷ್ಟೋ ಮಕ್ಕಳು ಇಲ್ಲಿ ಓದಲು ಬರುತ್ತಾರೆ. ಬರಲಿ, ಅವರಲ್ಲಿ ಒಳ್ಳೊಳ್ಳೆ ನರ್ಸ್‌ಗಳನ್ನು ನಾನೇ ಕಂಡಿದ್ದೇನೆ. ಆದರೆ 'ಎಲ್ಲಿ ನೋಯ್ತಿದೆ ಅಜ್ಜಿ, ಉಚ್ಚೆ ಹೋಯ್ತಾ' ಅಂತ ಕೇಳುವಷ್ಟು ಕನ್ನಡವನ್ನು ವಾರ್ಡಿಗೆ ಕಳಿಸುವ ಮುಂಚೆಯೇ ಕಾಲೇಜು ಕಲಿಸಬೇಕಲ್ವಾ?

1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಬದಲಿಗೆ 2023ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿದೆ. ಕಾಯ್ದೆ ಯಾವುದೇ ಇರಲಿ, ತಪಾಸಣೆಗೆ ಬರುವವರು ಪ್ರಿನ್ಸಿಪಾಲರ ಕೊಠಡಿಯಲ್ಲಿ ಫೈಲ್ ನೋಡಿ ಎದ್ದು ಹೋಗಬೇಡಿ. ಮಕ್ಕಳ ಪೋಸ್ಟಿಂಗ್ ಇರುವ ವಾರ್ಡಿಗೆ, ಹೇಳದೆ ಕೇಳದೆ, ಬೆಳಿಗ್ಗೆ ಹತ್ತಕ್ಕೆ ಹೋಗಿ. ಮಲಗಿದಲ್ಲೇ ಇರುವ ಒಬ್ಬ ರೋಗಿಯ ಬೆನ್ನು ನೋಡಿ.

– ಒಬ್ಬ ನಿವೃತ್ತ ಸ್ಟಾಫ್ ನರ್ಸ್, ತುಮಕೂರು