ಆಪರೇಷನ್‌ಗೆ ಮೊದಲೇ ತೋಳಿನ ಅಳತೆ ತೆಗೆಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರ ಊದಿದ ಕೈಕಾಲು ನೋಡುವುದೇ ನನ್ನ ಕೆಲಸ. ತಮ್ಮಲ್ಲಿ ಒಂದು ಮನವಿ ಇದೆ. ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಹೋಗುವ ಪ್ರತಿಯೊಬ್ಬರ ಎರಡೂ ತೋಳುಗಳ ಅಳತೆಯನ್ನು ಮೊದಲೇ ತೆಗೆದು ಫೈಲಿನಲ್ಲಿ ಬರೆದಿಡಬೇಕು ಎಂದು ಆದೇಶ ಮಾಡಿ. ಮುಂದಿನ ಪ್ರತಿ ಚೆಕಪ್‌ನಲ್ಲೂ ಅದೇ ಅಳತೆ ಮತ್ತೆ ಆಗಲಿ. ಇದಕ್ಕೆ ಬೇಕಾದದ್ದು ಒಂದು ಟೇಪು, ಒಬ್ಬ ನರ್ಸ್, ಸ್ವಲ್ಪ ಸಮಯ.

ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದಾಗ, ಇಲ್ಲವೇ ಅಲ್ಲಿಗೆ ರೇಡಿಯೇಷನ್ ಕೊಟ್ಟಾಗ, ತೋಳಿನ ದುಗ್ಧರಸ (ಲಿಂಫ್ ಎಂಬ ದ್ರವ) ವಾಪಸ್ ಹರಿಯುವ ದಾರಿಗೆ ಪೆಟ್ಟು ಬೀಳುತ್ತದೆ. ಪ್ರೋಟೀನ್ ತುಂಬಿದ ಆ ದ್ರವ ಚರ್ಮದಡಿ ನಿಂತುಬಿಡುತ್ತದೆ. ಇದೇ ಲಿಂಫೆಡಿಮಾ. ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಸಿಕೊಂಡವರಲ್ಲಿ ಸುಮಾರು 5 ಜನರಲ್ಲಿ ಒಬ್ಬರಿಗೆ ಇದು ಬರುತ್ತದೆ. ಕ್ಯಾನ್ಸರ್ ಮೊದಲು ಹರಡಬಹುದಾದ ಕೆಲವೇ ಗ್ರಂಥಿಗಳನ್ನಷ್ಟೇ (ಸೆಂಟಿನೆಲ್ ಗ್ರಂಥಿ) ತೆಗೆದರೆ ಅಪಾಯ ಬಹಳ ಕಡಿಮೆ, ಆದರೆ ಪೂರ್ತಿ ಇಲ್ಲ ಅನ್ನುವಂತಿಲ್ಲ. 2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಲೆಕ್ಕ ಎಲ್ಲಿಗೆ ಹೋಗುತ್ತದೆ ಅಂತ ತಾವೇ ನೋಡಿ.

ಇದು ಶುರುವಾಗುವುದು ಸದ್ದಿಲ್ಲದೆ. ಉಂಗುರ ಬಿಗಿ ಅನಿಸುತ್ತದೆ. ವಾಚಿನ ಪಟ್ಟಿ ಒಂದು ತೂತು ಹಿಂದೆ ಹೋಗುತ್ತದೆ. ಸಂಜೆ ಹೊತ್ತಿಗೆ ಕೈ ಭಾರ, ಬೆಳಿಗ್ಗೆ ಎದ್ದರೆ ಸರಿ ಇರುತ್ತದೆ. ಹಾಗಾಗಿ ಯಾರೂ ಡಾಕ್ಟರ ಹತ್ತಿರ ಹೇಳುವುದಿಲ್ಲ. ‘ಜೀವ ಉಳೀತಲ್ಲ, ಇದಕ್ಕೆಲ್ಲ ಯಾಕೆ ಗೋಳಾಡೋದು’ ಎಂದು ತಮ್ಮನ್ನು ತಾವೇ ಸುಮ್ಮನಿರಿಸಿಕೊಳ್ಳುತ್ತಾರೆ. ಈ ಹಂತದಲ್ಲಿ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಚರ್ಮದಲ್ಲಿ ಗುಳಿ ಬೀಳುತ್ತದೆ, ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಒಳಗಿರುವುದು ಬರೀ ದ್ರವ, ಅದನ್ನು ಇಳಿಸಬಹುದು. ಹಾಗೇ ಬಿಟ್ಟರೆ ಒಳಗೆ ಕೊಬ್ಬು, ನಾರು ಬೆಳೆಯುತ್ತವೆ. ಆಮೇಲೆ ಎಷ್ಟು ಒತ್ತಿದರೂ ಗುಳಿ ಬೀಳುವುದಿಲ್ಲ. ನನ್ನ ಬಳಿ ಹೆಚ್ಚಿನವರು ಬರುವುದು ಆಗ. ಬ್ಯಾಂಡೇಜು ಸುತ್ತಿ, ಕೈಯಿಂದ ನಯವಾಗಿ ನೀವಿ, ವ್ಯಾಯಾಮ ಮಾಡಿಸಿ ಗಾತ್ರ ಒಂದಿಷ್ಟು ಇಳಿಸುತ್ತೇನೆ. ಹಳೆಯ ತೋಳನ್ನು ವಾಪಸ್ ಕೊಡಲು ಆಗುವುದಿಲ್ಲ.

ಅಳತೆ ಮೊದಲೇ ಆಗಬೇಕು ಅಂತ ಯಾಕೆ ಹಟ ಹಿಡಿದಿದ್ದೇನೆ ಗೊತ್ತಾ? ಯಾರ ಎರಡು ತೋಳೂ ಒಂದೇ ದಪ್ಪ ಇರುವುದಿಲ್ಲ. ಬಲಗೈಯಲ್ಲಿ ಕೆಲಸ ಮಾಡುವವರಿಗೆ ಬಲದ್ದೇ ಸಾಮಾನ್ಯವಾಗಿ ಸ್ವಲ್ಪ ದಪ್ಪ. ಆಪರೇಷನ್ ಆಗಿ ಒಂದು ವರ್ಷಕ್ಕೆ ಬಂದು ‘ಕೈ ಊದಿದ ಹಾಗಿದೆ’ ಅಂದರೆ ನಾನು ಯಾವುದಕ್ಕೆ ಹೋಲಿಸಲಿ? ಮಣಿಕಟ್ಟಿನಿಂದ ಮೇಲಕ್ಕೆ ಪ್ರತಿ 4 ಸೆಂಟಿಮೀಟರ್‌ಗೊಂದು ಗುರುತು ಹಾಕಿ, ಸುತ್ತಳತೆ ತೆಗೆದು ಬರೆದಿಟ್ಟಿದ್ದರೆ, ಕಣ್ಣಿಗೆ ಕಾಣುವ ಮೊದಲೇ ವ್ಯತ್ಯಾಸ ಹಿಡಿಯಬಹುದು. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹೀಗೆ ಮೊದಲೇ ಅಳೆದಿದ್ದರು. ಅವರು ಬಳಸಿದ್ದು ಯಂತ್ರ. ತೋಳಿನ ಗಾತ್ರ ಶೇ. 3ಕ್ಕಿಂತ ಜಾಸ್ತಿಯಾದ ಕೂಡಲೇ ತೋಳನ್ನು ಬಿಗಿಯಾಗಿ ಒತ್ತಿ ಹಿಡಿಯುವ ಕಂಪ್ರೆಶನ್ ಸ್ಲೀವ್ ಹಾಕಿಸಿದರು. ಸುಮಾರು ಒಂದು ತಿಂಗಳಲ್ಲಿ ಊತ ಬಹುಪಾಲು ಇಳಿಯಿತು. ಚರ್ಮದಡಿಯ ದ್ರವವನ್ನೇ ಅಳೆಯುವ ಬಯೋಇಂಪಿಡೆನ್ಸ್ ಯಂತ್ರವೂ ಇದೆ. 2022ರಲ್ಲಿ ಬಂದ ದೊಡ್ಡ ಪ್ರಯೋಗವೊಂದರಲ್ಲಿ ಅದು ಟೇಪಿಗಿಂತ ಒಳ್ಳೆಯ ಫಲ ಕೊಟ್ಟಿದೆ. ಆಗುವ ಕಡೆ ಖಂಡಿತ ತರಿಸಿ. ಯಂತ್ರ ಬರಲಿ ಅಂತ ಟೇಪನ್ನು ಮಾತ್ರ ಕಾಯಿಸಬೇಡಿ.

ಇನ್ನೊಂದು ಮಾತು, ಇದು ನನಗೆ ನಿಜಕ್ಕೂ ಸಂಕಟದ ವಿಷಯ. ರೋಗಿಗಳಿಗೆ ಸಿಗುವ ಸಲಹೆ ಎಷ್ಟೋ ಸಲ ತಪ್ಪಾಗಿರುತ್ತದೆ. ‘ಆ ಕೈಯಲ್ಲಿ ಏನೂ ಎತ್ತಲೇಬೇಡಿ’ ಅನ್ನುತ್ತಾರೆ. ಹಂತಹಂತವಾಗಿ ಭಾರ ಎತ್ತುವ ವ್ಯಾಯಾಮದಿಂದ ಊತ ಹೆಚ್ಚುವುದಿಲ್ಲ ಎಂದು 2009ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಊತ ದಿಢೀರ್ ಉಲ್ಬಣಿಸುವುದು ವ್ಯಾಯಾಮ ಮಾಡಿದವರಲ್ಲೇ ಕಡಿಮೆ ಇತ್ತು. ಕೆಲವರಿಗೆ ಸುಮ್ನೆ ಮೂತ್ರ ಹೋಗಿಸುವ ಮಾತ್ರೆ ಬರೆದುಕೊಡುತ್ತಾರೆ. ಲಿಂಫೆಡಿಮಾಕ್ಕೆ ಅದು ಮದ್ದಲ್ಲ. ಹೇಳಲೇಬೇಕಾದ ಎಚ್ಚರಿಕೆ ಮಾತ್ರ ಬಿಟ್ಟುಹೋಗುತ್ತದೆ: ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಸೋಂಕು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಒಂದೊಂದು ಸೋಂಕೂ ಉಳಿದಿರುವ ದುಗ್ಧನಾಳಗಳನ್ನು ಇನ್ನಷ್ಟು ಹಾಳು ಮಾಡುತ್ತದೆ.

ಸ್ಲೀವ್ ವಿಷಯಕ್ಕೆ ಬರುತ್ತೇನೆ. ದಿನಾ ಹಾಕಿ ಒಗೆದರೆ ಸುಮಾರು ಆರು ತಿಂಗಳಿಗೆ ಅದರ ಬಿಗಿ ಹೋಗುತ್ತದೆ. ಬಿಗಿ ಹೋದ ಸ್ಲೀವ್ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಹಣ ಸಾಲದೆ ಅದನ್ನೇ ಹೊಲಿದು ಬಿಗಿ ಮಾಡಿಕೊಂಡು ಬಂದವರನ್ನು ನೋಡಿದ್ದೇನೆ. ಹೊಲಿಗೆ ಒತ್ತಿದ ಜಾಗದಲ್ಲಿ ಚರ್ಮ ಒಡೆದಿರುತ್ತದೆ, ಸೋಂಕು ಒಳಗೆ ಬರುವುದೂ ಅಲ್ಲಿಂದಲೇ. ಆಪರೇಷನ್, ಕಿಮೋಗೆ ಹಣ ಕೊಡುವ ಯೋಜನೆಯಲ್ಲಿ ಸ್ಲೀವ್ ಕೂಡ ಸೇರಬೇಕು. ಇದೂ ಅದೇ ಕ್ಯಾನ್ಸರ್ ಚಿಕಿತ್ಸೆಯ ಭಾಗ ಅಲ್ವಾ?

ಗರ್ಭಕಂಠ, ಪ್ರಾಸ್ಟೇಟ್ ಕ್ಯಾನ್ಸರ್ ಆದವರಲ್ಲಿ ಕೆಲವರಿಗೆ ಕಾಲು ಊದುತ್ತದೆ, ಗಂಟಲಿನ ಕ್ಯಾನ್ಸರ್ ಆದವರಲ್ಲಿ ಕೆಲವರಿಗೆ ಮುಖ, ಕುತ್ತಿಗೆ. ಆದೇಶ ಬರೆಯುವಾಗ ಅವರನ್ನೂ ಮರೆಯಬೇಡಿ.

ಹೆಚ್ಚಿನವರಿಗೆ ಊತ ಕಾಣುವುದು ಮೊದಲ ಎರಡು-ಮೂರು ವರ್ಷದೊಳಗೆ. ಹಾಗಾಗಿ ಆ ಅವಧಿಯಲ್ಲಿ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಅಳತೆ ಆಗಲಿ. ಡಿಸ್ಚಾರ್ಜ್ ಹಾಳೆಯಲ್ಲಿ ಮೊದಲ ಅಳತೆಯ ಜೊತೆಗೆ, ಊತ ಕಂಡರೆ ಯಾರನ್ನು ಕಾಣಬೇಕು ಎಂಬುದೂ ಬರೆದಿರಲಿ. ನಮೂನೆ ತಯಾರಿಸಲು, ನರ್ಸ್‌ಗಳಿಗೆ ಕಲಿಸಲು ನನ್ನಂಥವರು ಸಿದ್ಧರಿದ್ದೇವೆ. ತಾವು ಕರೆಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೋಥೆರಪಿಸ್ಟ್