ಮೊಬೈಲಿನ ಸಾಕ್ಷ್ಯಕ್ಕೆ ಗದಗ, ಹಾವೇರಿಯಲ್ಲಿ ಸಹಿ ಹಾಕುವವರು ಯಾರು?

ಮಾನ್ಯ ಸಂಪಾದಕರಿಗೆ,

ವಂದನೆಗಳು. ವಕೀಲರು, ವರದಿಗಾರರು ಮತ್ತು ತನಿಖೆ ಮಾಡುವವರು ತಮ್ಮ ವೃತ್ತಿಯ ಕೆಲಸಕ್ಕೆ ಫೇಸ್‌ಬುಕ್, ವಾಟ್ಸ್‌ಆ್ಯಪ್ ಹಾಗೂ ಅಂತರ್ಜಾಲವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಬಗ್ಗೆ ತಮ್ಮ ಪತ್ರಿಕೆಯ ವಾಚಕರ ಅಂಕಣದಲ್ಲಿ ಬರುತ್ತಿರುವ ಪತ್ರಗಳನ್ನು ಓದುತ್ತಿದ್ದೇನೆ. ಧಾರವಾಡ, ಗದಗ ಮತ್ತು ಹಾವೇರಿಯ ನ್ಯಾಯಾಲಯಗಳಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಿವಿಲ್ ದಾವೆಗಳನ್ನೂ ಮೋಟಾರು ಅಪಘಾತ ಪರಿಹಾರದ ಪ್ರಕರಣಗಳನ್ನೂ ನಡೆಸಿಕೊಂಡು ಬಂದಿರುವ ನನಗೆ, ಆ ಪತ್ರಗಳಲ್ಲಿ ಯಾರೂ ಎತ್ತದ ಒಂದು ಪ್ರಶ್ನೆ ಬಹಳ ದಿನಗಳಿಂದ ಕಾಡುತ್ತಿದೆ. ಮೊಬೈಲಿನಲ್ಲಿ ಸಿಕ್ಕ ಸುಳಿವನ್ನು ನ್ಯಾಯಾಲಯ ಒಪ್ಪುವ ಸಾಕ್ಷ್ಯವನ್ನಾಗಿ ಮಾಡಿಕೊಡುವ ಕೆಲಸವನ್ನು ನಮ್ಮ ಜಿಲ್ಲೆಗಳಲ್ಲಿ ಮಾಡುವವರು ಯಾರು ಎಂಬುದೇ ಆ ಪ್ರಶ್ನೆ.

ಕಳೆದ ವರ್ಷ ರೋಣ ತಾಲೂಕಿನ ರೈತರೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಹತ್ತಿರದ ಸಂಬಂಧಿಕರೊಬ್ಬರಿಗೆ ಮೂರು ಲಕ್ಷ ರೂಪಾಯಿ ಕೈಗಡ ಕೊಟ್ಟಿದ್ದರು. ನಂಬಿಕೆಯ ಮೇಲೆ ಕೊಟ್ಟ ಹಣವಾದ್ದರಿಂದ ಕಾಗದ-ಪತ್ರ ಏನೂ ಇರಲಿಲ್ಲ. ಆದರೆ ಹಣ ಪಡೆದವರು ಸುಗ್ಗಿ ಮುಗಿದ ಮೇಲೆ ಕೊಡುವುದಾಗಿ ವಾಟ್ಸ್‌ಆ್ಯಪ್‌ನಲ್ಲಿ ಹಲವು ಸಲ ಬರೆದಿದ್ದರು, ಒಮ್ಮೆ ತಮ್ಮದೇ ಧ್ವನಿಯಲ್ಲಿ ಹೇಳಿಯೂ ಕಳಿಸಿದ್ದರು. ರೈತರು ಆ ಬರಹಗಳ ಸ್ಕ್ರೀನ್‌ಶಾಟ್ ತೆಗೆದು, ಝೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಪ್ರತಿ ಮಾಡಿಸಿ, ಹನ್ನೊಂದು ಹಾಳೆಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಜೋಪಾನವಾಗಿ ತಂದಿದ್ದರು. "ಎಲ್ಲಾ ಇದರಾಗ ಐತ್ರಿ ಸಾಹೇಬ್ರ" ಎಂದರು. ಮೊಬೈಲ್ ಎಲ್ಲಿದೆ ಎಂದು ಕೇಳಿದೆ. "ಅದನ್ನ ಎಕ್ಸ್‌ಚೇಂಜ್‌ನ್ಯಾಗ ಕೊಟ್ಟೇನ್ರಿ" ಎಂಬ ಉತ್ತರ ಬಂತು. ಹೊಸ ಮೊಬೈಲಿನಲ್ಲಿ ವಾಟ್ಸ್‌ಆ್ಯಪ್ ಹಾಕಿಕೊಡುವಾಗ ಹಳೆಯ ಸಂದೇಶಗಳನ್ನು ಮರಳಿ ತರಬೇಕೇ ಎಂದು ಪರದೆಯ ಮೇಲೆ ಕೇಳಿದ್ದಕ್ಕೆ ಅಂಗಡಿಯ ಹುಡುಗ ಬೇಡವೆಂದು ಒತ್ತಿ ಮುಂದೆ ಹೋಗಿದ್ದನಂತೆ. ಧ್ವನಿಸಂದೇಶವೂ ಹೋಯಿತು, ಬರಹವೂ ಹೋಯಿತು, ಉಳಿದದ್ದು ಹನ್ನೊಂದು ಹಾಳೆ. ಎದುರುದಾರರು ತಾವು ಅಂಥದ್ದೇನನ್ನೂ ಬರೆದಿಲ್ಲವೆಂದು ತಕರಾರು ಸಲ್ಲಿಸಿದ್ದಾರೆ.

ಆ ಮೊಬೈಲ್ ಕೈಯಲ್ಲಿದ್ದಿದ್ದರೆ ದಾರಿ ಇತ್ತು. ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜುಲೈ 14ರಂದು ಹಳೆಯ ಸಾಕ್ಷ್ಯ ಕಾಯಿದೆಯಲ್ಲಿ ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪುವ ಬಗೆ ಹೇಳುವ ಕಲಂ 65ಬಿ ಕುರಿತು ತೀರ್ಪು ಕೊಡುತ್ತ ಎರಡು ಮಾತು ಹೇಳಿತ್ತು. ಸಾಧನದ ಮಾಲೀಕರೇ ಸಾಕ್ಷಿಕಟ್ಟೆ ಹತ್ತಿ, ಇದು ತಮ್ಮದು, ತಾವೇ ಬಳಸುತ್ತಿದ್ದುದು ಎಂದು ರುಜುವಾತು ಮಾಡಿ ಮೂಲ ಮೊಬೈಲನ್ನೇ ಹಾಜರುಪಡಿಸಿದರೆ, ದಾಖಲೆ ಯಾವ ಸಾಧನದಿಂದ ಹೇಗೆ ಬಂತೆಂದು ದೃಢೀಕರಿಸುವ ಪ್ರಮಾಣಪತ್ರದ ಅಗತ್ಯವಿಲ್ಲ. ಪ್ರತಿಯನ್ನು ಮಾತ್ರ ಹಾಜರುಪಡಿಸುವುದಾದರೆ ಪ್ರಮಾಣಪತ್ರ ಕಡ್ಡಾಯ. ನಮ್ಮ ಕಕ್ಷಿದಾರರು ಕಾಗದವನ್ನು ಕಾಪಾಡಿ ಮೊಬೈಲನ್ನು ಬಿಟ್ಟುಕೊಡುತ್ತಾರೆ, ಏಕೆಂದರೆ ಅಜ್ಜನ ಕಾಲದಿಂದ ಅವರ ಕಣ್ಣಿಗೆ ದಾಖಲೆಯೆಂದರೆ ಕಾಗದವೇ. ಇದು ಅವರ ತಪ್ಪಲ್ಲ. ಉತಾರ (ಪಹಣಿ), ವಾಟ್ನಿಪತ್ರ (ವಿಭಾಗಪತ್ರ), ಖರೀದಿ ಪತ್ರಗಳನ್ನು ಟ್ರಂಕಿನ ತಳದಲ್ಲಿ ಬಟ್ಟೆಯಲ್ಲಿ ಸುತ್ತಿಡುವುದನ್ನು ಅವರಿಗೆ ಯಾರೂ ಕಲಿಸಬೇಕಾಗಲಿಲ್ಲ. ಸಂದೇಶ ಬಂದ ಯಂತ್ರವೇ ದಾಖಲೆ ಎಂಬುದನ್ನು ಮಾತ್ರ ಇದುವರೆಗೆ ಯಾರೂ ಹೇಳಿಲ್ಲ.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದು 1872ರ ಕಾಯಿದೆ ತೆರೆಮರೆಗೆ ಸರಿದಿದೆ. ಹೊಸ ಕಾಯಿದೆಯ ಕಲಂ 63ರ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆಗೆ ಸಲ್ಲಿಸಬೇಕಾದ ಪ್ರಮಾಣಪತ್ರದ ನಮೂನೆ ಅನುಸೂಚಿಯಲ್ಲಿಯೇ ಇದ್ದು, ಅದರಲ್ಲಿ ಎರಡು ಭಾಗಗಳಿವೆ: 'ಎ' ಭಾಗವನ್ನು ಪಕ್ಷಗಾರರು ತುಂಬಬೇಕು, 'ಬಿ' ಭಾಗವನ್ನು ತಜ್ಞರು ತುಂಬಬೇಕು. ಎರಡರಲ್ಲಿಯೂ ಕಡತದ ಹ್ಯಾಶ್ ಮೌಲ್ಯವನ್ನು, ಅದನ್ನು ಯಾವ ವಿಧಾನದಿಂದ ತೆಗೆದರು ಎಂಬುದರ ಸಮೇತ ಬರೆಯಬೇಕು. ಹ್ಯಾಶ್ ಎಂದರೆ ಕಡತವೊಂದರ ಹೆಬ್ಬೆಟ್ಟಿನ ಗುರುತು ಎಂದು ನಾನು ಕಕ್ಷಿದಾರರಿಗೆ ಹೇಳುತ್ತೇನೆ. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಅದು ಅಂಕಿ ಮತ್ತು ಅಕ್ಷರಗಳು ಸೇರಿ 64 ಸ್ಥಾನಗಳ ಒಂದು ಸಾಲು. ವಿಡಿಯೊದ ಒಂದೇ ಒಂದು ಚುಕ್ಕೆ ಬದಲಾದರೂ ಇಡೀ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ. ವಿಧಾನ ಒಳ್ಳೆಯದೇ, ಕಾಯಿದೆ ಮಾಡಿದವರ ಉದ್ದೇಶವೂ ಒಳ್ಳೆಯದೇ. ಆದರೆ 'ಬಿ' ಭಾಗಕ್ಕೆ ಸಹಿ ಹಾಕಬೇಕಾದ ತಜ್ಞರಿಗೆ ಯಾವ ಅರ್ಹತೆ ಇರಬೇಕೆಂಬುದನ್ನು ನಮೂನೆ ಬಿಡಿಸಿ ಹೇಳುವುದಿಲ್ಲ. ಕಂಪ್ಯೂಟರ್ ಕಾಲೇಜಿನ ಅಧ್ಯಾಪಕರು ಸಾಕೇ, ಮೊಬೈಲ್ ದುರಸ್ತಿ ಮಾಡುವವರು ಆಗಬಹುದೇ, ಸರಕಾರಿ ಪ್ರಯೋಗಾಲಯದವರೇ ಬೇಕೇ? ಬೆಂಗಳೂರಿನ ಪಕ್ಷಗಾರರು ಶುಲ್ಕ ಕೊಟ್ಟು ಖಾಸಗಿಯವರಿಂದ ಇದನ್ನು ಮಾಡಿಸಿಕೊಳ್ಳುತ್ತಾರೆ. ಶಿರಹಟ್ಟಿಯಲ್ಲಿಯೋ ಹಿರೇಕೆರೂರಿನಲ್ಲಿಯೋ ಇಪ್ಪತ್ತು ಸಾವಿರ ರೂಪಾಯಿಯ ವ್ಯಾಜ್ಯ ಹೂಡಿದವರು ಆ ಸಹಿಗೆ ಎಲ್ಲಿಗೆ ಹೋಗಬೇಕು?

ಸಾಮಾಜಿಕ ಜಾಲತಾಣದಲ್ಲಿ ಕಂಡದ್ದನ್ನು ಪರೀಕ್ಷಿಸದೆ ವೃತ್ತಿಗೆ ಬಳಸಿದರೆ ಎಂಥ ಅನ್ಯಾಯವಾಗಬಹುದು ಎಂಬುದಕ್ಕೆ ಹಾವೇರಿ ಜಿಲ್ಲೆಯ ಒಂದು ಪ್ರಕರಣವನ್ನು ಹೇಳಬೇಕು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮೋಟೆಬೆನ್ನೂರಿನ ಹತ್ತಿರ ಲಾರಿ ಬಡಿದು ಯುವಕನೊಬ್ಬನ ಬಲಗಾಲಿನ ಎಲುಬು ಎರಡು ಕಡೆ ಮುರಿದಿತ್ತು. ಪರಿಹಾರದ ಅರ್ಜಿ ವಿಚಾರಣೆಗೆ ಬಂದಾಗ ಎದುರುಪಕ್ಷದ ವಿಮಾ ಕಂಪನಿ ನೇಮಿಸಿದ್ದ ತನಿಖೆಗಾರರು ಆತನ ಫೇಸ್‌ಬುಕ್ ಖಾತೆಯಿಂದ ಒಂದು ಚಿತ್ರ ತೆಗೆದು ಹಾಜರುಪಡಿಸಿದರು. ದೀಪಾವಳಿಯ ಹೊತ್ತಿಗೆ ಕೊರಳಿಗೆ ಕೊಬ್ಬರಿ ಕಟ್ಟಿದ ಹೋರಿಗಳನ್ನು ಓಡಿಸುವ ಕೊಬ್ಬರಿ ಹೋರಿಯ ಸ್ಪರ್ಧೆಯಲ್ಲಿ ಜೂಲ ಹೊದ್ದ ಹೋರಿಯ ಹಗ್ಗ ಹಿಡಿದು ಆತ ಓಡುತ್ತಿರುವ ಚಿತ್ರ ಅದು; ಅದರ ಕೆಳಗಿದ್ದ ದಿನಾಂಕ ಅಪಘಾತವಾಗಿ ನಾಲ್ಕು ತಿಂಗಳ ನಂತರದ್ದು. ಹಾವೇರಿ ಕಡೆಯವರಿಗೆ ಹೋರಿ ಹಬ್ಬವೆಂದರೆ ಏನೆಂದು ನಾನು ಹೇಳಬೇಕಿಲ್ಲ. ಕಾಲು ಮುರಿದವನು ಹೋರಿಯ ಹಗ್ಗ ಹಿಡಿಯಲಾರ. ಅಲ್ಲಿಗೆ ಆತನ ಗಾಯವೇ ಸುಳ್ಳು ಎಂಬ ವಾದ ಮುಂದಾಯಿತು. ನನಗೂ ಒಂದು ಕ್ಷಣ ಅನುಮಾನ ಬಂದದ್ದು ನಿಜ.

ನಿಜಸಂಗತಿ ಬೇರೆಯೇ ಇತ್ತು. ಆ ಹೋರಿ ತೀರಿಕೊಂಡಿತ್ತು. ಅದರ ನೆನಪಿಗೆಂದು ಆತ ಹಾಸಿಗೆಯಲ್ಲಿ ಮಲಗಿದ್ದುಕೊಂಡೇ ಹಿಂದಿನ ವರ್ಷದ ಚಿತ್ರವನ್ನು ಹಾಕಿದ್ದ. ಫೇಸ್‌ಬುಕ್ ತೋರಿಸುವುದು ಚಿತ್ರವನ್ನು ಏರಿಸಿದ ದಿನಾಂಕ, ತೆಗೆದ ದಿನಾಂಕವಲ್ಲ. ಕ್ಯಾಮೆರಾ ಚಿತ್ರದೊಳಗೆ ಬರೆದಿಡುವ ದಿನ, ಸಮಯ, ಸ್ಥಳದ ವಿವರಗಳನ್ನು ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್ ಸಾಮಾನ್ಯವಾಗಿ ಅಳಿಸಿಯೇ ಮುಂದೆ ಕೊಡುತ್ತವೆ. ಆದ್ದರಿಂದ ಚಿತ್ರ ತೆಗೆದ ಸೋದರಮಾವನ ಮಗನನ್ನು ಹುಡುಕಿ, ಅವನ ಮೊಬೈಲಿನಲ್ಲಿದ್ದ ಮೂಲ ಕಡತವನ್ನೇ ನೋಡಬೇಕಾಯಿತು. ಅದರ ವಿವರದಲ್ಲಿ ಹಿಂದಿನ ದೀಪಾವಳಿಯ ದಿನಾಂಕವಿತ್ತು. ಅದಕ್ಕಿಂತ ಹೆಚ್ಚಾಗಿ, ಚಿತ್ರವನ್ನು ದೊಡ್ಡದು ಮಾಡಿದಾಗ ಹೋರಿಯ ಹಿಂದೆ ಕಟ್ಟಿದ್ದ ಬ್ಯಾನರಿನ ಅಂಚಿನಲ್ಲಿ ಆ ವರ್ಷದ ಅಂಕಿ ಕಾಣಿಸಿತು. ತನಿಖೆಗಾರರು ಆ ಊರಿಗೆ ಒಂದು ಸಲ ಹೋಗಿದ್ದರೆ ಚಹಾದ ಅಂಗಡಿಯಲ್ಲಿಯೇ ಹೋರಿ ಸತ್ತ ಸುದ್ದಿ ಗೊತ್ತಾಗುತ್ತಿತ್ತು. ಅವರು ಕಚೇರಿಯಲ್ಲಿ ಕುಳಿತು ಫೇಸ್‌ಬುಕ್ ನೋಡಿ ವರದಿ ಬರೆದಿದ್ದರೆಂಬುದು ಪಾಟೀಸವಾಲಿನಲ್ಲಿ ಹೊರಬಂತು.

ಹಾಗೆಂದು ಅಂತರ್ಜಾಲವನ್ನು ನಾನು ಜರೆಯುತ್ತಿಲ್ಲ. ಹತ್ತು ವರ್ಷದ ಹಿಂದೆ ಒಂದು ಪ್ರಕರಣದ ಮುಂದಿನ ತಾರೀಖು ತಿಳಿಯಲು ಗದುಗಿಗೆ ಬಸ್ಸು ಹತ್ತುತ್ತಿದ್ದೆ; ಈಗ ಪ್ರತಿ ಪ್ರಕರಣಕ್ಕೂ ಕೊಡುವ ಹದಿನಾರು ಸ್ಥಾನಗಳ ಸಿಎನ್‌ಆರ್ ಸಂಖ್ಯೆಯನ್ನು ಇ-ಕೋರ್ಟ್ಸ್ ತಾಣದಲ್ಲಿ ಹಾಕಿದರೆ ಅದು ಮನೆಯಲ್ಲಿಯೇ ಸಿಗುತ್ತದೆ. ಭೂಮಿ ತಾಣದಲ್ಲಿ ಉತಾರ, ಕಾವೇರಿ ತಾಣದಲ್ಲಿ ನೋಂದಣಿಯ ವಿವರ ನೋಡಬಹುದು. ದಿಶಾಂಕ್ ಆ್ಯಪ್ ಹಿಡಿದು ಹೊಲದಲ್ಲಿ ನಿಂತರೆ ಅದು ಯಾವ ಸರ್ವೆ ನಂಬರು ಎಂದು ತೋರಿಸುತ್ತದೆ. ಆದರೆ ದಿಶಾಂಕ್‌ನ ಗೆರೆಯನ್ನು ನಂಬಿ ಬಾಂದುಗಲ್ಲು ಕೀಳಲು ಹೊರಟ ಅಣ್ಣತಮ್ಮಂದಿರನ್ನು ನಾನು ಕಂಡಿದ್ದೇನೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರುಗಳಷ್ಟು ಆಚೀಚೆ ತೋರಿಸುವುದು ಸಾಮಾನ್ಯ. ಒಡ್ಡಿನ ಜಗಳಕ್ಕೆ ಒಂದು ಮೀಟರು ಸಾಕು. ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಗುರುತಿಸುವುದಕ್ಕೆ, ಸರ್ವೆಯರೇ ಬಂದು ಅಳೆಯಬೇಕು. ಉತಾರದ ಒಂಬತ್ತನೆಯ ಕಾಲಮ್ಮಿನಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲಿಕತ್ವ ಸಿದ್ಧವಾಗುವುದಿಲ್ಲ ಎಂಬುದೂ ಅಷ್ಟೇ ಹಳೆಯ ಮಾತು.

ಪತ್ರಕರ್ತ ಮಿತ್ರರ ಪಾಡೂ ಇದೇ. 2024ರ ಮಾರ್ಚ್ 11ರಂದು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರ ಕುಸಿದು ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಹಚ್ಚಿದಂಥ ದಿನಗಳಲ್ಲಿ, ಕೈಗೆ ಬರುವ ಪ್ರತಿಯೊಂದು ವಿಡಿಯೊ ತುಣುಕಿನಲ್ಲೂ ಅಂಗಡಿಯ ಫಲಕ, ಚೀಲದ ಮೇಲಿನ ಗುರುತು, ನೆರಳು ಬಿದ್ದ ದಿಕ್ಕು ನೋಡಿ ಸ್ಥಳ-ಸಮಯ ಖಚಿತಪಡಿಸಿಕೊಳ್ಳದೆ ಪ್ರಕಟಿಸಲಾಗದು. ವಾಟ್ಸ್‌ಆ್ಯಪ್ ಸ್ಟೇಟಸ್ 24 ತಾಸಿನಲ್ಲಿ ತಾನಾಗಿಯೇ ಮಾಯವಾಗುತ್ತದೆ. ಅಂಥ ಒಂದು ಪೋಸ್ಟು ಏನು ಮಾಡಬಲ್ಲದು ಎಂಬುದನ್ನು 2022ರ ಏಪ್ರಿಲ್‌ನಲ್ಲಿ ಗಲಭೆಗೆ ತುತ್ತಾದ ಹಳೇ ಹುಬ್ಬಳ್ಳಿ ನೋಡಿದೆ. ಮೂಲ ಕಡತವನ್ನು ಕಾಯ್ದಿಡದಿದ್ದರೆ, ಯಾರು ಏನು ಹಾಕಿದ್ದರೆಂದು ಆಮೇಲೆ ಆಣೆ ಮಾಡಿ ಹೇಳುವುದಷ್ಟೇ ಉಳಿಯುತ್ತದೆ.

ನಮ್ಮ ಕಿರಿಯ ವಕೀಲರ ಬಗ್ಗೆ ಒಂದು ಮಾತು. ಎದುರುಪಕ್ಷದವರ ಬೀಗ ಹಾಕಿದ ಖಾತೆಯೊಳಗೆ ಹೊಗಲು ಹೆಣ್ಣುಮಗಳೊಬ್ಬಳ ಹೆಸರಿನಲ್ಲಿ ನಕಲಿ ಖಾತೆ ತೆರೆದು ಗೆಳೆತನದ ಕೋರಿಕೆ ಕಳಿಸೋಣವೆಂದು ನನ್ನ ಕೈಕೆಳಗಿನ ಹುಡುಗನೊಬ್ಬ ಉತ್ಸಾಹದಿಂದ ಸೂಚಿಸಿದ. ನಾನು ಒಪ್ಪಲಿಲ್ಲ. ಬೇರೆಯವರ ವೇಷದಲ್ಲಿ ಕಂಪ್ಯೂಟರ್ ಮೂಲಕ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ ಕಲಂ 66ಡಿ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸವಿದೆ. ಅದೆಲ್ಲ ಇಲ್ಲದಿದ್ದರೂ ಕರಿಕೋಟು ಹಾಕಿದವರು ಮಾಡುವ ಕೆಲಸ ಅದಲ್ಲ. ಇನ್ನು ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನು ಕೇಳಿ ತೀರ್ಪುಗಳನ್ನು ಹುಡುಕುವವರು, 2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿದ್ದನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ರಾಷ್ಟ್ರೀಯ ವಿಧಿವಿಜ್ಞಾನ (ಫೊರೆನ್ಸಿಕ್) ವಿಶ್ವವಿದ್ಯಾಲಯದ ಆವರಣಕ್ಕೆ 2023ರ ಜನವರಿಯಲ್ಲಿ ಅಡಿಗಲ್ಲು ಇಟ್ಟದ್ದು ಬೇರೆಲ್ಲಿಯೋ ಅಲ್ಲ, ಧಾರವಾಡದಲ್ಲಿ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಐಐಟಿ ಇದೆ, 2013ರಿಂದ ಹೈಕೋರ್ಟಿನ ಕಾಯಂ ಪೀಠವೂ ಇದೆ. ಕಾಯಿದೆ ಬಲ್ಲವರೂ ಯಂತ್ರ ಬಲ್ಲವರೂ ಇಷ್ಟು ಹತ್ತಿರದಲ್ಲಿ ಸೇರಿರುವ ಊರು ಈ ಭಾಗದಲ್ಲಿ ಇನ್ನೊಂದಿಲ್ಲ. ಆದರೂ 'ಬಿ' ಭಾಗದ ಸಹಿಗೆ ನಾವು ಪರಿಚಯದ ಮೇಲೆ ಯಾರನ್ನೋ ಹುಡುಕಿಕೊಂಡು ಅಲೆಯುತ್ತೇವೆ. ಆ ಸಹಿ ನಿಲ್ಲುತ್ತದೋ ಇಲ್ಲವೋ ಎಂಬ ಭಯ ಪಾಟೀಸವಾಲು ಮುಗಿಯುವವರೆಗೂ ಇದ್ದೇ ಇರುತ್ತದೆ.

ಧಾರವಾಡ, ಗದಗ ಮತ್ತು ಹಾವೇರಿಯ ವಕೀಲರ ಸಂಘಗಳು ಈ ಸಂಸ್ಥೆಗಳೊಂದಿಗೆ ಕೂಡಿ ಮಾತನಾಡಬೇಕು. ಈ ಕೆಲಸಕ್ಕೆ ಅರ್ಹರಾದವರ ಪಟ್ಟಿಯೊಂದನ್ನು ಮಾಡಿ ಆಯಾ ಜಿಲ್ಲಾ ನ್ಯಾಯಾಲಯದ ಮುಂದಿಟ್ಟು, ಬಡ ಪಕ್ಷಗಾರರಿಗೂ ಎಟಕುವ ಶುಲ್ಕವನ್ನು ನಿಗದಿ ಮಾಡಿಸಿಕೊಳ್ಳಬೇಕು. ಕಾನೂನು ಸೇವಾ ಪ್ರಾಧಿಕಾರದ ನೆರವು ಪಡೆದವರಿಗೆ ಆ ಶುಲ್ಕವೂ ಬೇಡ. ತಿಂಗಳಿಗೆ ಒಂದು ದಿನ ಗದಗಿನಲ್ಲಿ, ಒಂದು ದಿನ ಹಾವೇರಿಯಲ್ಲಿ ಆ ತಜ್ಞರು ನ್ಯಾಯಾಲಯದ ಆವರಣದಲ್ಲಿ ಕುಳಿತು, ಜನ ತಂದ ಮೊಬೈಲಿನಿಂದ ಕಡತವನ್ನು ಅವರೆದುರಿಗೇ ತೆಗೆದು, ಹ್ಯಾಶ್ ಬರೆದು ಸಹಿ ಹಾಕಿಕೊಡುವಂತಾಗಬೇಕು. ಆ ದಿನ ಯಾವುದೆಂದು ಕಚೇರಿಯ ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ, ಹಳೆಯ ಮೊಬೈಲನ್ನು ಅಂಗಡಿಗೆ ಕೊಡುವ ಮುನ್ನ ಒಮ್ಮೆ ಇಲ್ಲಿಗೆ ತನ್ನಿ ಎಂದು ಕೆಳಗೆ ಸೇರಿಸಿದರೆ, ರೋಣದ ರೈತರು ಸಂತೆಗೆ ಬಂದ ದಿನವೇ ಅದನ್ನೂ ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಕೀಲ, ಧಾರವಾಡ